ನಿರ್ಧಾರಕ್ಕೆ ಕೂತಾಗ ಅರಿಸ್ಟಾಟಲ್

ಲೆಕ್ಕಪತ್ರ ವಿಭಾಗದಲ್ಲಿ ಎಲ್ಲಕ್ಕೂ ನಿಯಮವಿದೆ. ಆದರೆ ಯಾರಿಗೆ ಯಾವ ಕೆಲಸ ಒಪ್ಪಿಸಬೇಕು, ತಪ್ಪು ಮಾಡಿದವರಿಗೆ ಎಷ್ಟು ಹೇಳಬೇಕು, ಯಾವ ಬಿಲ್ಲಿಗೆ ವಿನಾಯಿತಿ ಕೊಡಬೇಕು ಎಂಬುದನ್ನು ಯಾವ ಸುತ್ತೋಲೆಯೂ ಕಲಿಸುವುದಿಲ್ಲ. ಇಂಥ ಕಡೆ ನನಗೆ ಒದಗಿಬಂದದ್ದು ಪ್ರಾಚೀನ ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲನ ನೀತಿಶಾಸ್ತ್ರದ ಗ್ರಂಥ ‘ನಿಕೊಮ್ಯಾಕಿಯನ್ ಎಥಿಕ್ಸ್’. ಅದರ ಹತ್ತು ಭಾಗಗಳಲ್ಲಿ ಕೆಲಸಕ್ಕೆ ಬೇಕಾದದ್ದು ನಾಲ್ಕು: ವಿವೇಕವೆಂದರೇನು ಎಂಬುದು ಆರನೆಯದರಲ್ಲಿದೆ, ಅದನ್ನು ದಿನದ ವ್ಯವಹಾರಕ್ಕೆ ಇಳಿಸುವ ದಾರಿ ಎರಡು, ಮೂರು ಮತ್ತು ಐದರಲ್ಲಿದೆ.

ಮೊದಲು ಗುರಿಯನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳುತ್ತೇನೆ. ಗುಣಪಡಿಸಬೇಕೋ ಬೇಡವೋ ಎಂದು ವೈದ್ಯ ಯೋಚಿಸುತ್ತಾ ಕೂರುವುದಿಲ್ಲ, ಹೇಗೆ ಗುಣಪಡಿಸುವುದು ಎಂದು ಯೋಚಿಸುತ್ತಾನೆ ಎನ್ನುತ್ತಾನೆ ಅರಿಸ್ಟಾಟಲ್. ಗುರಿಯಿಂದ ಹಿಂದಕ್ಕೆ ಬರುತ್ತಾ ಹೋಗಬೇಕು. ಯೋಚನೆಯಲ್ಲಿ ಕೊನೆಗೆ ಸಿಕ್ಕಿದ್ದೇ ಮಾಡುವಾಗ ಮೊದಲನೆಯದು. ಏಪ್ರಿಲ್ 20ಕ್ಕೆ ಆಡಿಟರ್ ಬರುತ್ತಾರೆ ಎನ್ನಿ. ಅಷ್ಟರೊಳಗೆ ಲೆಡ್ಜರ್ ಮುಗಿದಿರಬೇಕು. ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಕ್ಯಾಶ್ ಬುಕ್ಕಿಗೂ ತಾಳೆಯಾಗಬೇಕು. ತಾಳೆಯಾಗಬೇಕಾದರೆ ಬಾಕಿ ವೋಚರುಗಳು ಕೈಸೇರಬೇಕು. ಅವು ಇರುವುದು ಶಾಖೆಯಲ್ಲಿ. ಅಂದರೆ ಈಗಲೇ ಆಗಬೇಕಾದದ್ದು ಶಾಖೆಗೆ ಒಂದು ಫೋನ್. ನಡುವೆ ಎಲ್ಲಾದರೂ ಆಗದ ಸಂಗತಿ ಅಡ್ಡಬಂದರೆ, ಹಣ ಬೇಕು ಆದರೆ ಹುಟ್ಟುವುದಿಲ್ಲ ಎಂಬಂತಿದ್ದರೆ, ಆ ದಾರಿಯನ್ನು ಅಲ್ಲಿಗೇ ಬಿಡಬೇಕು.

ಈ ಕ್ರಮ ಕೆಡುವುದು ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ. ‘ಹೊಸ ಸಾಫ್ಟ್‌ವೇರ್ ಹಾಕಿಸಬೇಕು’ ಎಂಬುದು ಗುರಿಯಲ್ಲ, ಸಾಧನ. ಯಾತಕ್ಕೆ ಎಂದು ಕೇಳಿಕೊಂಡರೆ ‘ವೋಚರ್ ತಡವಾಗಬಾರದು’ ಎಂಬ ಉತ್ತರ ಬರುತ್ತದೆ; ಆಗ ಅಗ್ಗದ ದಾರಿಗಳೂ ಕಾಣಿಸುತ್ತವೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೊರತೆಯನ್ನು ಮುಚ್ಚಿಹಾಕುವುದೇ ಗುರಿಯಾದರೂ ಇದೇ ಲೆಕ್ಕಾಚಾರ ಚೊಕ್ಕವಾಗಿ ನಡೆಯುತ್ತದೆ. ಅದು ಬರೀ ಜಾಣತನ. ಗುರಿ ಒಳ್ಳೆಯದಿದ್ದರೆ ಮಾತ್ರ ವಿವೇಕ ಎಂದು ಆರನೆಯ ಭಾಗ ಖಡಾಖಂಡಿತವಾಗಿ ಹೇಳುತ್ತದೆ. ಹಣಕಾಸು ನೋಡಿಕೊಳ್ಳುವವರು ಈ ವ್ಯತ್ಯಾಸವನ್ನು ಮರೆಯಲೇಬಾರದು.

ಇನ್ನು ಅಳತೆ. ಒಳ್ಳೆಯ ಗುಣವೆಂದರೆ ಅತಿಗೂ ಕೊರತೆಗೂ ನಡುವಿನದು ಎನ್ನುತ್ತಾನೆ ಅರಿಸ್ಟಾಟಲ್. ನಡುವಿನದು ಎಂದೊಡನೆ ಸರಾಸರಿ ಎಂದುಕೊಳ್ಳುವವರೇ ಹೆಚ್ಚು. ಹತ್ತು ಮಿನಾ (ಆಗಿನ ಗ್ರೀಕರ ತೂಕದ ಅಳತೆ) ಊಟ ಜಾಸ್ತಿ, ಎರಡು ಮಿನಾ ಕಡಿಮೆ ಎಂದ ಮಾತ್ರಕ್ಕೆ ತರಬೇತುದಾರ ಎಲ್ಲರಿಗೂ ಆರು ಮಿನಾ ಬಡಿಸುವುದಿಲ್ಲ. ಪ್ರಾಚೀನ ಗ್ರೀಕರ ಹೆಸರಾಂತ ಕುಸ್ತಿಪಟು ಮೈಲೋಗೆ ಅದು ಸಾಲದು, ಈಗಷ್ಟೇ ಅಭ್ಯಾಸಕ್ಕೆ ಇಳಿದವನಿಗೆ ವಿಪರೀತ. ಅಳತೆ ಆ ಮನುಷ್ಯನಿಗೆ, ಆ ಸಂದರ್ಭಕ್ಕೆ ತಕ್ಕದ್ದು.

ಸಿಟ್ಟಾಗುವುದು ಯಾರಿಗೂ ಸುಲಭ. ತಕ್ಕವರ ಮೇಲೆ, ತಕ್ಕಷ್ಟು, ತಕ್ಕ ಹೊತ್ತಿನಲ್ಲಿ, ತಕ್ಕ ಉದ್ದೇಶಕ್ಕೆ, ತಕ್ಕ ರೀತಿಯಲ್ಲಿ ಸಿಟ್ಟಾಗುವುದು ಕಷ್ಟ ಎನ್ನುತ್ತಾನೆ ಅರಿಸ್ಟಾಟಲ್. ಈ ಐದನ್ನೇ ನಾನು ಐದು ಕಾಲಂ ಮಾಡಿಕೊಂಡಿದ್ದೇನೆ. ಯಾರನ್ನಾದರೂ ತಿದ್ದಿದ ದಿನ ಒಂದು ಸಾಲು ಬರೆಯುತ್ತೇನೆ: ಯಾರಿಗೆ, ಎಷ್ಟು, ಯಾವಾಗ, ಯಾತಕ್ಕೆ, ಹೇಗೆ. ಪ್ರತಿ ಕಾಲಂ ಪಕ್ಕ ‘ಹೆಚ್ಚು’, ‘ಕಡಿಮೆ’ ಅಥವಾ ‘ಸರಿ’. ತಿಂಗಳ ಕೊನೆಗೆ ಹಾಳೆಯನ್ನು ಮೇಲಿಂದ ಕೆಳಕ್ಕೆ ಓದಿದರೆ ಸ್ವಭಾವ ಯಾವ ಕಡೆ ವಾಲಿದೆ ಎಂಬುದು ಕಾಣುತ್ತದೆ. ಮಾತು ಹದವಾಗಿಯೇ ಇದ್ದರೂ ನಾಲ್ಕು ಜನರ ಮುಂದೆ ಆಡಿದ್ದರಿಂದ ಮುದುಡಿದವರು ಅದರಲ್ಲಿ ಸಿಗುತ್ತಾರೆ. ಹೀಗೆ ವಾಲಿದ ಕಡೆ ಅರಿಸ್ಟಾಟಲನ ಸಲಹೆ ನೇರ: ಸೊಟ್ಟಗಾದ ಮರವನ್ನು ನೆಟ್ಟಗೆ ಮಾಡುವವರಂತೆ ಎದುರು ದಿಕ್ಕಿಗೆ ಎಳೆಯಬೇಕು. ಬಿರುಸಾಗಿ ಮಾತನಾಡುವವರು ಕೆಲವು ವಾರ ತೀರಾ ಮೆತ್ತಗಾದೆನೇನೋ ಎನಿಸುವಷ್ಟು ಮೆತ್ತಗಿರಬೇಕು. ಒಮ್ಮೆಗೆ ಒಂದೇ ಕಾಲಂ ಹಿಡಿಯಿರಿ. ಐದನ್ನೂ ತಿದ್ದಲು ಹೊರಟರೆ ಹಾಳೆ ಬರೆಯುವುದೇ ನಿಂತುಹೋಗುತ್ತದೆ.

ನಿಯಮ ಸಡಿಲಿಸುವ ಪ್ರಶ್ನೆಗೆ ಐದನೆಯ ಭಾಗದ ಸೀಸದ ಅಳತೆಪಟ್ಟಿಯನ್ನು ನೆನೆಯುತ್ತೇನೆ. ಗ್ರೀಸಿನ ಲೆಸ್ಬಾಸ್ ದ್ವೀಪದ ಕಟ್ಟಡಗಳಲ್ಲಿ ಬಳಸುತ್ತಿದ್ದ ಆ ಪಟ್ಟಿ ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುತ್ತಿತ್ತು. ನಿಯಮವೂ ಹಾಗೆಯೇ ಪ್ರಕರಣಕ್ಕೆ ತಕ್ಕಂತೆ ಬಾಗಬೇಕು, ಶಾಸನ ಮಾಡಿದವರು ಇಲ್ಲೇ ಇದ್ದಿದ್ದರೆ ಏನು ಹೇಳುತ್ತಿದ್ದರೋ ಅದನ್ನು ಹೇಳುವುದೇ ನಿಜವಾದ ನ್ಯಾಯ ಎಂಬುದು ಅರಿಸ್ಟಾಟಲನ ವಾದ. ನಾನು ಮೂರು ಸಾಲು ಬರೆಯುತ್ತೇನೆ: ನಿಯಮ ಇರುವುದು ಯಾತಕ್ಕೆ, ಈ ಪ್ರಕರಣದಲ್ಲಿ ಅದು ಎಲ್ಲಿ ಹೊಂದುತ್ತಿಲ್ಲ, ನಾಳೆ ಇನ್ನೊಬ್ಬರು ಇದೇ ಕಾರಣ ತಂದರೆ ಅವರಿಗೂ ಕೊಡುತ್ತೇನೆಯೇ. ಮೂರನೆಯದಕ್ಕೆ ‘ಇಲ್ಲ’ ಎಂದಾದರೆ ಪಟ್ಟಿ ಬಾಗುತ್ತಿರುವುದು ಕಲ್ಲಿಗಲ್ಲ, ನಮಗೆ ಬೇಕಾದವರಿಗೆ.

ಗಣಿತದಲ್ಲಿ ಎಳೆಯರೂ ಪಳಗಬಹುದು, ವಿವೇಕಕ್ಕೆ ಅನುಭವ ಬೇಕು ಎನ್ನುತ್ತಾನೆ ಅರಿಸ್ಟಾಟಲ್. ಹಿರಿಯರ ಮಾತಿಗೆ ಪುರಾವೆ ಇಲ್ಲದಿದ್ದರೂ ಕಿವಿಗೊಡಿ ಎಂದೂ ಅವನು ಬರೆದಿದ್ದಾನೆ. ಆದರೆ ಯಾರನ್ನು ಕೇಳಬೇಕು ಎಂಬಲ್ಲಿ ನಾನು ಅವನ ಜೊತೆ ಹೋಗುವುದಿಲ್ಲ. ಗುಲಾಮರಿಗೆ ಆಲೋಚಿಸುವ ಶಕ್ತಿಯೇ ಇಲ್ಲ, ಹೆಂಗಸರಲ್ಲಿ ಇದ್ದರೂ ಅದಕ್ಕೆ ಅಧಿಕಾರವಿಲ್ಲ ಎಂದು ರಾಜ್ಯಶಾಸ್ತ್ರದ ತನ್ನ ಗ್ರಂಥ ‘ಪಾಲಿಟಿಕ್ಸ್’ನಲ್ಲಿ ಬರೆದವನೂ ಅವನೇ. ಅದು ತಪ್ಪು ಮಾತ್ರವಲ್ಲ, ಅವನ ಕ್ರಮಕ್ಕೇ ಹಾನಿ. ಸಣ್ಣಪುಟ್ಟ ವಿವರ ಬಲ್ಲವರನ್ನೇ ಹೊರಗಿಟ್ಟಂತಾಗುತ್ತದೆ. ಬಿಲ್ಲು ಯಾವ ಮೇಜಿನ ಮೇಲೆ ಕೊಳೆಯುತ್ತಿದೆ ಎಂಬುದು ಅಟೆಂಡರಿಗೆ ಗೊತ್ತಿರುವಷ್ಟು ಮೇಲಿನವರಿಗೆ ಗೊತ್ತಿರುವುದಿಲ್ಲ. ಅವರನ್ನು ಮೊದಲು ಕೇಳುತ್ತೇನೆ, ಅಂಕಿಅಂಶ ಆಮೇಲೆ. ನಿಧಾನವಾಗಿ ಯೋಚಿಸು, ಗೊತ್ತಾದದ್ದನ್ನು ಬೇಗ ಮಾಡು ಎಂಬ ಮಾತನ್ನು ಆರನೆಯ ಭಾಗ ನೆನಪಿಸುವುದರಿಂದ ಗುರಿ ಬರೆದ ಹಾಳೆಯ ತಲೆಯಲ್ಲೇ ತೀರ್ಮಾನದ ತಾರೀಖು ಹಾಕಿರುತ್ತೇನೆ. ಆ ದಿನ ಬಂದರೆ ಕೊನೆಯ ಸಾಲಿನಲ್ಲಿ ಇರುವ ಕೆಲಸ ಶುರುವಾಗುತ್ತದೆ.