ಲೈಸೆನ್ಸ್ ಮನೆಯಲ್ಲಿ, ನೀವು ರಸ್ತೆಯಲ್ಲಿ: ಪೊಲೀಸರು ಕಾರು ನಿಲ್ಲಿಸಿದರೆ (ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸಬರಿಗೆ)

ಮಗುವನ್ನು ಶಾಲೆಗೆ ಬಿಡುವ ಅವಸರದಲ್ಲಿ ಪರ್ಸು ಅಡುಗೆಮನೆ ಕಟ್ಟೆಯ ಮೇಲೇ ಉಳಿದಿರುತ್ತದೆ. ಹಿಂದೆ ಕೆಂಪು-ನೀಲಿ ದೀಪ ಹೊತ್ತಿಕೊಂಡಾಗಲೇ ಅದು ನೆನಪಾಗುವುದು. ಗಾಬರಿ ಸಹಜ. ಆದರೆ ಒಂದು ವ್ಯತ್ಯಾಸ ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಇಲ್ಲಿನ ಕಾನೂನಿನಲ್ಲಿ ಲೈಸೆನ್ಸ್ ಇದ್ದೂ ಜೊತೆಗೆ ಇಟ್ಟುಕೊಳ್ಳದಿರುವುದು ಒಂದು ತಪ್ಪು, ಲೈಸೆನ್ಸೇ ಇಲ್ಲದೆ ಓಡಿಸುವುದು ಬೇರೆಯೇ ತಪ್ಪು. ಮೊದಲನೆಯದು ವೆಹಿಕಲ್ ಕೋಡ್ (ರಾಜ್ಯದ ವಾಹನ ಕಾನೂನು) ಸೆಕ್ಷನ್ 12951(ಎ). ಕೋರ್ಟಿನಲ್ಲಿ ಕಾರ್ಡ್ ತೋರಿಸಿದರೆ ಅದು ವಜಾ ಆಗುತ್ತದೆ. ಎರಡನೆಯದು 12500(ಎ). ಅದನ್ನು ಮಿಸ್‌ಡಿಮೀನರ್ ಎಂದು, ಅಂದರೆ ಕ್ರಿಮಿನಲ್ ಅಪರಾಧವಾಗಿ ದಾಖಲಿಸಲು ಅವಕಾಶವಿದೆ. ಕಾರನ್ನು ಟೋ ಮಾಡಿಸಲೂಬಹುದು. ಕಿಟಕಿಯ ಹತ್ತಿರ ನಿಂತ ಆಫೀಸರ್‌ಗೆ ನೀವು ಈ ಎರಡರಲ್ಲಿ ಯಾರೆಂದು ಗೊತ್ತಿರುವುದಿಲ್ಲ. ಅದನ್ನು ಅವರಿಗೆ ಬೇಗ ಖಾತ್ರಿ ಮಾಡಿಕೊಡುವುದು ನಿಮ್ಮ ಕೆಲಸ.

ನಿಲ್ಲಿಸುವ ರೀತಿ

ದೀಪ ಕಂಡೊಡನೆ ಬಲಗಡೆಯ ಸಿಗ್ನಲ್ ಹಾಕಿ, ನಿಧಾನ ಮಾಡಿ, ರಸ್ತೆಯ ಬಲ ಅಂಚಿಗೆ ಪೂರ್ತಿ ಸರಿದು ನಿಲ್ಲಿಸಿ. ಫ್ರೀವೇಯಲ್ಲಿ ಕಾರ್‌ಪೂಲ್ ಲೇನಿನಲ್ಲಿದ್ದರೂ (ಒಬ್ಬರಿಗಿಂತ ಹೆಚ್ಚು ಜನ ಇರುವ ಕಾರುಗಳಿಗೆ ಮೀಸಲಾದ ಎಡಗಡೆಯ ಲೇನ್) ಬಲ ಅಂಚಿಗೇ ಬರಬೇಕು, ಎಡಗಡೆ ಡಿವೈಡರ್ ಪಕ್ಕದಲ್ಲಿ ನಿಲ್ಲಬೇಡಿ. ಹಾಡು ನಿಲ್ಲಿಸಿ. ಫೋನಿನಲ್ಲಿದ್ದರೆ ಕರೆ ಮುಗಿಸಿ. ಮನೆಯವರಿಗೆ ವಿಷಯ ತಿಳಿಸಲು ಆಮೇಲೆ ಸಮಯ ಸಿಗುತ್ತದೆ.

ಊರಿನಿಂದ ಬಂದ ನಮ್ಮ ಜನ ಎಡವುವುದು ಇಲ್ಲೇ. ಊರಲ್ಲಿ ಟ್ರಾಫಿಕ್ ಪೊಲೀಸರು ಕೈ ತೋರಿಸಿದರೆ ಗಾಡಿಯಿಂದಿಳಿದು, ಪಕ್ಕಕ್ಕೆ ಹೋಗಿ ಮಾತಾಡುವುದು ಮರ್ಯಾದೆ. ಇಲ್ಲಿ ಹೇಳದೇ ಬಾಗಿಲು ತೆಗೆದು ಇಳಿದು ಪೊಲೀಸರ ಕಡೆ ನಡೆದರೆ ಅದನ್ನು ಅಪಾಯವೆಂದು ನೋಡುತ್ತಾರೆ. ಒಳಗೇ ಕುಳಿತಿರಿ. ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವ ಹಾಗಿಡಿ. ಹಿಂದೆ ಕುಳಿತ ಅಪ್ಪ ಅಮ್ಮನಿಗೂ ಕೈ ಮಡಿಲ ಮೇಲಿಟ್ಟುಕೊಂಡು ಸುಮ್ಮನಿರಲು ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಆಫೀಸರ್ ಬರುವಷ್ಟರಲ್ಲಿ ಕಾಗದ ತೆಗೆದಿಟ್ಟುಕೊಳ್ಳೋಣ ಎಂದು ಗ್ಲೋವ್ ಬಾಕ್ಸಿಗೆ ಬಗ್ಗಬೇಡಿ. ಹಿಂದಿನ ಕಾರಿನಿಂದ ನೋಡುವವರಿಗೆ ಕಾಣುವುದು ಬಗ್ಗಿದ ಭುಜ, ಮರೆಯಾದ ಕೈ ಅಷ್ಟೇ. ಅವರು ಕೇಳಿದ ಮೇಲೆ, "ರಿಜಿಸ್ಟ್ರೇಶನ್ ಗ್ಲೋವ್ ಬಾಕ್ಸಿನಲ್ಲಿದೆ, ತೆಗೆಯಲೇ?" ಎಂದು ಕೇಳಿ, ಒಪ್ಪಿದ ಮೇಲೆ ನಿಧಾನವಾಗಿ ಕೈ ಚಾಚಿ.

2024ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರು ಬೇರೆ ಪ್ರಶ್ನೆ ಕೇಳುವ ಮೊದಲು ನಿಲ್ಲಿಸಿದ ಕಾರಣವನ್ನು ಹೇಳಬೇಕು. ಆದ್ದರಿಂದ ನೀವಾಗಿಯೇ "ಸ್ವಲ್ಪ ಸ್ಪೀಡ್ ಇತ್ತೇನೋ" ಎಂದು ಒಪ್ಪಿಕೊಳ್ಳಲು ಹೋಗಬೇಡಿ.

ಕಾರ್ಡ್ ಇಲ್ಲವೆಂದು ಹೇಳುವುದು

ಸುತ್ತಿಬಳಸದೆ ಹೇಳಿ: "ಆಫೀಸರ್, ಐ ಹ್ಯಾವ್ ಎ ವ್ಯಾಲಿಡ್ ಕ್ಯಾಲಿಫೋರ್ನಿಯಾ ಲೈಸೆನ್ಸ್. ಐ ಡೋಂಟ್ ಹ್ಯಾವ್ ದ ಕಾರ್ಡ್ ವಿತ್ ಮಿ. ಐ ಕ್ಯಾನ್ ಗಿವ್ ಯೂ ದ ನಂಬರ್." ಕ್ಯಾಲಿಫೋರ್ನಿಯಾದ ಲೈಸೆನ್ಸ್ ನಂಬರ್ ಒಂದು ಇಂಗ್ಲಿಷ್ ಅಕ್ಷರ ಮತ್ತು ಏಳು ಅಂಕಿ, ಅಷ್ಟೇ. ಬಾಯಿಪಾಠ ಮಾಡಿಕೊಳ್ಳಿ. ಅದನ್ನು ಹೇಳಿದರೆ ಆಫೀಸರ್ ತಮ್ಮ ಕಾರಿನ ಕಂಪ್ಯೂಟರಿನಲ್ಲಿ ನಿಮ್ಮ ದಾಖಲೆ ತೆಗೆಯಬಹುದು. ಫೋನಿನಲ್ಲಿರುವ ಫೋಟೊ ಲೈಸೆನ್ಸಿಗೆ ಸಮವಲ್ಲ, ಆದರೆ ನಂಬರ್ ಓದಿ ಹೇಳಲು ಉಪಯೋಗಕ್ಕೆ ಬರುತ್ತದೆ. ಊರಲ್ಲಿ ಡಿಜಿಲಾಕರ್ ತೋರಿಸಿ ಅಭ್ಯಾಸವಾದವರು ಇದನ್ನು ಗಮನಿಸಬೇಕು. ಡಿಎಂವಿಯ (ಊರಿನ ಆರ್‌ಟಿಒ ಇದ್ದಂತೆ, ಇಲ್ಲಿ ಲೈಸೆನ್ಸ್ ಕೊಡುವ ಇಲಾಖೆ) ಮೊಬೈಲ್ ಲೈಸೆನ್ಸ್ ಹಾಕಿಕೊಂಡಿದ್ದರೂ ಪ್ಲಾಸ್ಟಿಕ್ ಕಾರ್ಡ್ ಜೊತೆಗಿರಲೇಬೇಕು ಎಂದು ಡಿಎಂವಿಯೇ ಹೇಳುತ್ತದೆ.

ನಂಬರ್ ನೆನಪಿಲ್ಲದಿದ್ದರೆ ಹೆಸರು, ಹುಟ್ಟಿದ ತಾರೀಖಿನಿಂದ ಹುಡುಕುತ್ತಾರೆ. ನಮ್ಮ ಹೆಸರುಗಳು ತೊಡಕಾಗುವುದು ಆಗಲೇ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದವರಿಗೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬಿದ್ದಿರುತ್ತದೆ. ಕೆಲವರಿಗೆ ತಂದೆಯ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿ ಕೂತಿರುತ್ತದೆ. ಆಫೀಸಿನಲ್ಲಿ ಕರೆಯುವ ಹೆಸರು ಹೇಳಿದರೆ ದಾಖಲೆಯೇ ಸಿಗುವುದಿಲ್ಲ. ಕಾರ್ಡಿನ ಮೇಲೆ ಯಾವ ಕ್ರಮದಲ್ಲಿ ಅಚ್ಚಾಗಿದೆಯೋ ಅದೇ ಕ್ರಮದಲ್ಲಿ, ಸ್ಪೆಲ್ಲಿಂಗ್ ಬಿಡಿಸಿ ಹೇಳಿ. ತಾರೀಖು ಹೇಳುವಾಗ ತಿಂಗಳು ಮೊದಲು, ದಿನ ಆಮೇಲೆ.

ಗುರುತು ಖಾತ್ರಿಯಾಗದಿದ್ದರೆ ಪೊಲೀಸರು ನಿಮ್ಮನ್ನು ವಶಕ್ಕೆ ತೆಗೆದುಕೊಳ್ಳಲು ಕಾನೂನಿನಲ್ಲಿ (40302) ಜಾಗವಿದೆ. ಹಾಗಾಗಿ ಫೋಟೊ ಇರುವ ಬೇರೆ ಯಾವ ಗುರುತಿನ ಚೀಟಿ ಇದ್ದರೂ ಮುಂದಿಡಿ. ಟಿಕೆಟ್ ಮೇಲೆ ಹೆಬ್ಬೆರಳ ಗುರುತು ಕೇಳಬಹುದು. ಅದು ಗುರುತಿಗಾಗಿ, ಅಪರಾಧಿ ಎಂದಲ್ಲ. ತಮ್ಮನ ಹೆಸರನ್ನೋ ಗೆಳೆಯನ ಹೆಸರನ್ನೋ ಹೇಳುವುದು, "ಇಲ್ಲೇ ಏನಾದರೂ ಕಟ್ಟಿಬಿಡಲೇ" ಎಂದು ದುಡ್ಡಿನ ಮಾತೆತ್ತುವುದು ಎರಡನ್ನೂ ಮಾಡಬೇಡಿ. ಮರೆತ ಕಾರ್ಡಿನ ಸಣ್ಣ ತಪ್ಪು ಅಲ್ಲಿಗೆ ಕ್ರಿಮಿನಲ್ ಕೇಸಾಗುತ್ತದೆ. ಇನ್ನು ಕಾರ್ಡ್ ಜೇಬಿನಲ್ಲಿದ್ದೂ ತೋರಿಸಲು ನಿರಾಕರಿಸಿದರೆ ಅದು 12951(ಬಿ), ಮಿಸ್‌ಡಿಮೀನರ್.

ಟಿಕೆಟ್ ಕೊಟ್ಟರೆ

"ನೋಟಿಸ್ ಟು ಅಪಿಯರ್" ಎಂಬ ಚೀಟಿಗೆ ಸಹಿ ಕೇಳುತ್ತಾರೆ. ಸಹಿ ಹಾಕಿದರೆ ತಪ್ಪೊಪ್ಪಿಕೊಂಡಂತೆ ಎಂಬ ಭಯ ಬೇಡ. ಹೇಳಿದ ತಾರೀಖಿನೊಳಗೆ ಕೋರ್ಟಿಗೆ ಉತ್ತರಿಸುತ್ತೇನೆ ಎಂಬ ಮಾತು ಅದು, ಅಷ್ಟೇ. ಸಹಿ ಹಾಕುವುದಿಲ್ಲ ಎಂದರೆ ಅದಕ್ಕೇ ಬಂಧಿಸಬಹುದು.

ಚೀಟಿಯಲ್ಲಿ "ಕರೆಕ್ಟಬಲ್ ವಯಲೇಶನ್" ಎಂಬ ಕಡೆ "ಯೆಸ್" ಗುರುತಾಗಿದೆಯೇ ನೋಡಿ. ಆಗಿದ್ದರೆ ತಾರೀಖಿನೊಳಗೆ ಕೋರ್ಟಿನ ಕ್ಲರ್ಕ್ ಹತ್ತಿರ ಕಾರ್ಡ್ ತೋರಿಸಿ, ಒಂದು ತಪ್ಪಿಗೆ 25 ಡಾಲರ್ ಶುಲ್ಕ ಕಟ್ಟಿದರೆ ಮುಗಿಯಿತು. ಇನ್ಶೂರೆನ್ಸ್ ಕಾಗದವೂ ಇರಲಿಲ್ಲವೆಂದರೆ ಅದಕ್ಕೆ ಬೇರೆ 25. (ಇನ್ಶೂರೆನ್ಸನ್ನು ಮಾತ್ರ ಫೋನಿನಲ್ಲಿ ತೋರಿಸಬಹುದು.) ನಿಲ್ಲಿಸಿದ್ದೇ ಸ್ಪೀಡಿಗೆ ಎಂದಾದರೆ ಆ ದಂಡ ಮತ್ತು ಲೈಸೆನ್ಸ್ ದಾಖಲೆಗೆ ಬೀಳುವ ಪಾಯಿಂಟ್ ಬೇರೆ, ಕಾರ್ಡ್ ತೋರಿಸಿದರೆ ಅದು ಹೋಗುವುದಿಲ್ಲ. ಪಾಯಿಂಟ್ ಕಾಣದಂತೆ ಮಾಡಲು 18 ತಿಂಗಳಿಗೊಮ್ಮೆ ಟ್ರಾಫಿಕ್ ಸ್ಕೂಲ್ (ಸಂಚಾರ ನಿಯಮಗಳ ತರಗತಿ) ದಾರಿಯಿದೆ.

ಎರಡು ಷರತ್ತು ಬಹಳ ಜನಕ್ಕೆ ಗೊತ್ತಿಲ್ಲ. ಒಂದು, ಮೂರನೇ ಸಲ ಸಿಕ್ಕಿಬಿದ್ದರೆ ವಜಾ ಮಾಡುವುದು ಬಿಡುವುದು ಕೋರ್ಟಿನ ವಿವೇಚನೆ. ಇನ್ನೊಂದು, ಕಾರ್ಡ್ ಕಳೆದುಹೋಗಿ ನಿಲ್ಲಿಸಿದ ಮೇಲೆ ಡೂಪ್ಲಿಕೇಟ್ ಮಾಡಿಸಿಕೊಂಡು ಹೋದರೆ ಸಾಲದು; ಡೂಪ್ಲಿಕೇಟ್ ಅಥವಾ ತಾತ್ಕಾಲಿಕ ಲೈಸೆನ್ಸ್ ಆ ದಿನಕ್ಕಿಂತ ಮೊದಲೇ ಕೊಟ್ಟದ್ದು ಎಂಬುದಕ್ಕೆ ಡಿಎಂವಿಯ ಪುರಾವೆ ಬೇಕು. ಆದ್ದರಿಂದ ಕಾರ್ಡ್ ಕಳೆದ ದಿನವೇ ಅರ್ಜಿ ಹಾಕಿ.

ಚೀಟಿಯನ್ನು ಡ್ರಾಯರಿಗೆ ಹಾಕಿ ಮರೆಯುವುದೇ ದೊಡ್ಡ ಅನಾಹುತ. ಕೋರ್ಟಿನ ಜ್ಞಾಪನೆ ಪತ್ರ ಲೈಸೆನ್ಸಿನಲ್ಲಿರುವ ಹಳೆಯ ಅಪಾರ್ಟ್‌ಮೆಂಟಿಗೆ ಹೋಗಿರುತ್ತದೆ, ನಿಮಗೆ ಬಂದೇ ಇರುವುದಿಲ್ಲ. ತಾರೀಖು ತಪ್ಪಿಸಿದರೆ ಅದೇ ಬೇರೊಂದು ಮಿಸ್‌ಡಿಮೀನರ್ (40508). ಮನೆ ಬದಲಿಸಿದ 10 ದಿನದೊಳಗೆ ಡಿಎಂವಿಗೆ ವಿಳಾಸ ತಿಳಿಸಬೇಕೆಂಬ ನಿಯಮ ಇದಕ್ಕೂ ಬೇಕು.

ಊರಿನ ಲೈಸೆನ್ಸಿನಲ್ಲಿ ಓಡಿಸುತ್ತಿರುವವರು

ನಿಮಗೆ ಮೇಲಿನ ಸಮಾಧಾನ ಅನ್ವಯಿಸುವುದಿಲ್ಲ. ಕರ್ನಾಟಕದ ಲೈಸೆನ್ಸ್ ನಂಬರ್ ಹೇಳಿದರೆ ಇಲ್ಲಿನ ಪೊಲೀಸರ ಕಂಪ್ಯೂಟರಿನಲ್ಲಿ ಏನೂ ಬರುವುದಿಲ್ಲ. ಕಾರ್ಡ್ ಕೈಯಲ್ಲಿಲ್ಲದಿದ್ದರೆ ಲೈಸೆನ್ಸೇ ಇಲ್ಲದವರಂತೆ ಕಾಣುತ್ತೀರಿ. ನೋಡಲು ಬಂದ ಅಪ್ಪ ಅಮ್ಮ, 18 ದಾಟಿದ ಪ್ರವಾಸಿಗಳಾಗಿ, ಊರಿನ ಚಾಲ್ತಿಯಲ್ಲಿರುವ ಲೈಸೆನ್ಸಿನಲ್ಲಿ ಓಡಿಸಬಹುದು, ಮೂಲ ಕಾರ್ಡ್ ಜೊತೆಗಿರಬೇಕು. ಅಂತರರಾಷ್ಟ್ರೀಯ ಪರ್ಮಿಟ್ ಒಂದನ್ನೇ ತಂದರೆ ಆಗದು, ಕ್ಯಾಲಿಫೋರ್ನಿಯಾ ಅದನ್ನು ಲೈಸೆನ್ಸ್ ಎಂದು ಒಪ್ಪುವುದಿಲ್ಲ. ಕೆಲಸಕ್ಕೆ ಬಂದು ನೆಲೆಸಿದವರು ಪ್ರವಾಸಿಗಳಲ್ಲ: ನೆಲೆಸಿದ 10 ದಿನದೊಳಗೆ ಇಲ್ಲಿನ ಲೈಸೆನ್ಸ್ ಪಡೆಯಬೇಕು. ಲರ್ನರ್ ಪರ್ಮಿಟ್ ಇಟ್ಟುಕೊಂಡು ಒಬ್ಬರೇ ಓಡಿಸಿದರೆ ಅದೂ 12500.

ಎಚ್-1ಬಿ (ಕೆಲಸದ), ಎಚ್-4 (ಅವರ ಕುಟುಂಬದ) ವೀಸಾ ಮೇಲಿರುವವರು ಕಾರ್ಡಿನ ಕೊನೆಯ ತಾರೀಖನ್ನು ಇವತ್ತೇ ನೋಡಿ. ರಿಯಲ್ ಐಡಿ (ಫೆಡರಲ್ ಮಾನದಂಡದ ಲೈಸೆನ್ಸ್) ಮಾಡಿಸಿದ್ದರೆ ಅದು ಐ-94ರ (ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂಬ ಪ್ರವೇಶ ದಾಖಲೆ) ತಾರೀಖಿಗೇ ಮುಗಿಯುತ್ತದೆ. ಎಕ್ಸ್‌ಟೆನ್ಶನ್ ಬಂದರೂ ಲೈಸೆನ್ಸ್ ತಾನಾಗಿ ಮುಂದುವರಿಯುವುದಿಲ್ಲ. ಹೊಸ ಐ-797 (ಎಕ್ಸ್‌ಟೆನ್ಶನ್ ಒಪ್ಪಿಗೆಯ ಪತ್ರ) ತೆಗೆದುಕೊಂಡು ಡಿಎಂವಿಗೆ ಹೋಗಬೇಕು. ಅವಧಿ ಮುಗಿದ ಕಾರ್ಡ್ ಜೇಬಿನಲ್ಲಿದ್ದರೆ ಕಾರ್ಡ್ ಇದ್ದಂತಲ್ಲ.

18 ದಾಟಿದ, ಅಮೆರಿಕದ ಪ್ರಜೆಯಲ್ಲದ ಪ್ರತಿಯೊಬ್ಬರೂ ಗ್ರೀನ್ ಕಾರ್ಡ್ ಅಥವಾ ಐ-94ರಂಥ ನೋಂದಣಿ ಪುರಾವೆ ಜೊತೆಗಿಟ್ಟುಕೊಳ್ಳಬೇಕೆಂಬ ಫೆಡರಲ್ ಕಾನೂನು ಬೇರೆಯೇ ಇದೆ. ಐ-94 ಪ್ರಿಂಟನ್ನು ಮಡಚಿ ಪರ್ಸಿನಲ್ಲಿಡಿ. ರಿಜಿಸ್ಟ್ರೇಶನ್ ಮತ್ತು ಇನ್ಶೂರೆನ್ಸನ್ನು ಒಂದು ಲಕೋಟೆಯಲ್ಲಿ ಹಾಕಿ ಡ್ರೈವರ್ ಬಾಗಿಲಿನ ಜೇಬಿನಲ್ಲಿಟ್ಟರೆ ಗ್ಲೋವ್ ಬಾಕ್ಸಿಗೆ ಬಗ್ಗುವ ಪ್ರಸಂಗವೇ ಇಲ್ಲ. ಲೈಸೆನ್ಸಿಗೆ ಫೋನ್ ಕವರಿನ ಹಿಂದಿನ ಜೇಬು ಒಳ್ಳೆಯ ಜಾಗ: ಪರ್ಸು ಮರೆತರೂ ಫೋನ್ ಮರೆಯುವವರು ಕಡಿಮೆ.

12500 ಎಂದು ಬರೆದಿದ್ದರೆ ಅಥವಾ ಠಾಣೆಗೆ ಕರೆದೊಯ್ದಿದ್ದರೆ, ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುವ ಮೊದಲು ಟ್ರಾಫಿಕ್ ವಕೀಲರ ಜೊತೆಗೆ ಇಮಿಗ್ರೇಶನ್ ವಕೀಲರನ್ನೂ ಕೇಳಿ. ಬಂಧನವಾಗಿದೆಯೇ ಎಂದು ವೀಸಾ ಅರ್ಜಿ ಡಿಎಸ್-160 ಕೇಳುತ್ತದೆ. ಪೌರತ್ವದ ಎನ್-400 ಅರ್ಜಿ ಟಿಕೆಟ್‌ಗಳನ್ನೂ ಕೇಳುತ್ತದೆ. ಕೇಸ್ ವಜಾ ಆದ ಕಾಗದವನ್ನು 25 ಡಾಲರ್ ರಸೀದಿಯ ಜೊತೆ ಐ-797 ಇರುವ ಫೈಲಿನಲ್ಲೇ ಸೇರಿಸಿಡಿ.