ಬಾಗಿಲು ತೆಗೆಯುವ ಮುಂಚಿನ 15 ನಿಮಿಷ

ರೆಸ್ಟೋರೆಂಟ್‌ಗೆ ಹೊಸದಾಗಿ ಮ್ಯಾನೇಜರ್ ಆದವರು ನನ್ನನ್ನು ಮೊದಲು ಕೇಳುವುದು, ಗ್ರಾಹಕರ ಜೊತೆ ಹೇಗೆ ಮಾತಾಡಬೇಕು ಅಂತ. ಅದು ಆಮೇಲೆ. ಮೊದಲು ಪಾತ್ರೆ ತೊಳೆಯುವವರನ್ನು ಹೆಸರು ಹಿಡಿದು ಮಾತಾಡಿಸಿ. ನೀವು ಸಪ್ಲೈಯರ್ ಮೇಲೆ ರೇಗಿದರೆ, ಆ ಸಿಟ್ಟು ಎರಡೇ ನಿಮಿಷದಲ್ಲಿ ಟೇಬಲ್ ತಲುಪಿರುತ್ತದೆ.

ಇದು ನನ್ನ ತಲೆಯಿಂದ ಬಂದದ್ದೇನಲ್ಲ. 1985ರಲ್ಲಿ ನ್ಯೂಯಾರ್ಕ್‌ನಲ್ಲಿ ಯೂನಿಯನ್ ಸ್ಕ್ವೇರ್ ಕೆಫೆ ಶುರು ಮಾಡಿದ ಡ್ಯಾನಿ ಮೆಯರ್ ಯಾರು ಮೊದಲು, ಯಾರು ಆಮೇಲೆ ಅನ್ನುವುದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಮೊದಲು ಕೆಲಸದವರು, ಆಮೇಲೆ ಗ್ರಾಹಕರು, ಆಮೇಲೆ ಸುತ್ತಲಿನ ಜನ, ಸರಕು ಕೊಡುವವರು, ಕೊನೆಗೆ ಬಂಡವಾಳ ಹಾಕಿದವರು. ಮಾಲೀಕರಿಗೆ ಇದನ್ನು ಹೇಳಿ ನೋಡಿ, ಮುಖ ಸಣ್ಣದಾಗುತ್ತದೆ. ಇರಲಿ.

ದಿನಾ ಬಾಗಿಲು ತೆಗೆಯುವ ಮುಂಚೆ 15 ನಿಮಿಷ ಎಲ್ಲರನ್ನೂ ಸೇರಿಸಿ. ಸಿಬ್ಬಂದಿ ಊಟ ಆದ ಮೇಲೆಯೇ ಸೇರಿಸಿ, ಹಸಿದವರ ತಲೆಗೆ ಬ್ರೀಫಿಂಗ್ ಹೋಗುವುದಿಲ್ಲ. ಇವತ್ತು ಯಾವ ಐಟಂ ಇಲ್ಲ, ಯಾವುದು ಬೇಗ ಖಾಲಿಯಾಗಬಹುದು, ಯಾವ ಅಡುಗೆಗೆ ಏನು ಬಿದ್ದಿದೆ ಅನ್ನುವುದನ್ನು ಅಡುಗೆಯವರೇ ಹೇಳಲಿ. ದೊಡ್ಡ ಬುಕಿಂಗ್ ಎಷ್ಟು ಗಂಟೆಗೆ, ಯಾವ ಟೇಬಲ್‌ನವರಿಗೆ ಅಲರ್ಜಿ ಇದೆ ಅನ್ನುವುದನ್ನು ಸಪ್ಲೈಯರ್‌ಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್ ಹೇಳಲಿ. ಕಿಚನ್‌ಗೂ ಹೊರಗೆ ಬಡಿಸುವವರಿಗೂ ಆಗುವ ಜಗಳ ಅರ್ಧ ಇಲ್ಲೇ ಕಡಿಮೆಯಾಗುತ್ತದೆ.

ಆಮೇಲೆ ನಿನ್ನೆ ಚೆನ್ನಾಗಿ ಆದ ಒಂದೇ ಒಂದು ಕೆಲಸವನ್ನು ಹೆಸರು ಹೇಳಿ ಮೆಚ್ಚಿ. ‘ಎಲ್ಲರೂ ಚೆನ್ನಾಗಿ ಮಾಡಿದ್ರಿ’ ಅಂದರೆ ಯಾರಿಗೂ ತಾಗುವುದಿಲ್ಲ. ‘ಆ ಅಜ್ಜಿಗೆ ಮೆನು ಓದೋಕೆ ಆಗ್ತಿರಲಿಲ್ಲ. ಅವರು ಕೇಳೋ ಮುಂಚೆನೇ ಬೆಳಕಿರೋ ಟೇಬಲ್‌ಗೆ ಕೂರಿಸಿದೆಯಲ್ಲ, ಅದು ಕೆಲಸ’ ಅನ್ನಿ. ಪಕ್ಕದಲ್ಲಿ ನಿಂತವನು ಇವತ್ತು ತಾನೂ ಟೇಬಲ್‌ಗಳ ಕಡೆ ಕಣ್ಣು ಹಾಯಿಸುತ್ತಾನೆ. ತಪ್ಪುಗಳನ್ನು ಮಾತ್ರ ಇಲ್ಲಿ ಎತ್ತಬೇಡಿ. ಶಿಫ್ಟ್ ಮುಗಿದ ಮೇಲೆ ಅವರೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳಿ.

ರಶ್ ಹೊತ್ತಿನಲ್ಲಿ ನಿಮ್ಮ ಜಾಗ ಕ್ಯಾಶ್ ಕೌಂಟರ್ ಅಲ್ಲ. ಅಡುಗೆ ಹೊರಗೆ ಬರುವ ಕಿಟಕಿ ಹತ್ತಿರ ನಿಲ್ಲಿ. ಅಲ್ಲಿಂದ ಎರಡೂ ಕಡೆ ಕಾಣುತ್ತದೆ. ಅಲ್ಲಿ ನಿಂತು ಕೂಗಾಡಬೇಡಿ, ಅಷ್ಟೇ.

ತಡವಾಯ್ತು ಅಂತ ಟೇಬಲ್‌ನವರು ಸಿಡುಕಿದರೆ ‘ಕಿಚನ್ ಬ್ಯುಸಿ ಇದೆ ಸರ್’ ಅನ್ನುವುದು ಉತ್ತರವಲ್ಲ. ಒಳಗೆ ಹೋಗಿ ಎಷ್ಟು ಹೊತ್ತು ಅಂತ ಕೇಳಿ. ಅವರು 5 ನಿಮಿಷ ಅಂದರೆ ಹೊರಗೆ ಬಂದು 8 ಅನ್ನಿ. 6ಕ್ಕೆ ಬಂದರೆ ಎಲ್ಲರಿಗೂ ಖುಷಿ. ಸಣ್ಣ ವಿಷಯ, ಆದರೆ ಹುಡುಗರಿಗೆ ಇದನ್ನು ಕಲಿಸುವವರೇ ಕಡಿಮೆ. ಜೊತೆಗೆ, ಒಂದು ಐಟಂ ಬದಲಿಸಿ ಕೊಡುವ ಅಥವಾ ಬಿಲ್‌ನಿಂದ ತೆಗೆಯುವ ಅಧಿಕಾರವನ್ನು ಸಪ್ಲೈಯರ್ ಕೈಗೇ ಕೊಡಿ. ಗ್ರಾಹಕರ ತೊಂದರೆ ಸರಿಮಾಡಲು ಮ್ಯಾನೇಜರನ್ನು ಕೇಳದೆ 2,000 ಡಾಲರ್ ತನಕ ಖರ್ಚು ಮಾಡಲು ಸಿಬ್ಬಂದಿಗೆ ಬಿಟ್ಟಿದ್ದಕ್ಕೆ ರಿಟ್ಜ್-ಕಾರ್ಲ್ಟನ್ ಹೋಟೆಲ್‌ಗಳು ಹೆಸರುವಾಸಿ. ನಿಮಗೆ ಅಷ್ಟೆಲ್ಲಾ ಬೇಡ. ಆದರೆ ಮಿತಿ ಎಷ್ಟು ಅಂತ ಮೊದಲೇ ಹೇಳಿಬಿಡಿ, ಆಮೇಲೆ ‘ಯಾಕೆ ಕೊಟ್ಟೆ?’ ಅಂತ ಕೇಳಬೇಡಿ. ಒಮ್ಮೆ ಹಾಗೆ ಕೇಳಿದರೆ ಮುಂದೆ ಯಾರೂ ಆ ಅಧಿಕಾರ ಬಳಸುವುದಿಲ್ಲ.

ಗ್ರಾಹಕರ ಮನಸ್ಸು ಗೆಲ್ಲಲು ದುಡ್ಡು ಜಾಸ್ತಿ ಬೇಕು ಅನ್ನುವವರಿಗೆ ವಿಲ್ ಗಿಡಾರಾ ಕಥೆ ಹೇಳುತ್ತೇನೆ. ಅವರು ನ್ಯೂಯಾರ್ಕ್‌ನಲ್ಲಿ ನಡೆಸುತ್ತಿದ್ದ ಇಲೆವೆನ್ ಮ್ಯಾಡಿಸನ್ ಪಾರ್ಕ್ 2017ರಲ್ಲಿ ವಿಶ್ವದ 50 ಅತ್ಯುತ್ತಮ ರೆಸ್ಟೋರೆಂಟ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಅಲ್ಲಿ ಊಟಕ್ಕೆ ಬಂದವರೊಬ್ಬರು, ಊರೆಲ್ಲಾ ಸುತ್ತಿದರೂ ಬೀದಿಯ ಹಾಟ್ ಡಾಗ್ ತಿನ್ನಲಿಲ್ಲವಲ್ಲ ಅಂತ ತಮ್ಮವರ ಜೊತೆ ಮಾತಾಡುತ್ತಿದ್ದುದು ಗಿಡಾರಾ ಕಿವಿಗೆ ಬಿತ್ತು. ಹೊರಗೆ ಓಡಿ ಹಾಟ್ ಡಾಗ್ ತಂದು, ತಟ್ಟೆಯಲ್ಲಿ ಅಂದವಾಗಿ ಜೋಡಿಸಿ ಕಳಿಸಿದರು. ತಟ್ಟೆ ಎತ್ತುವಾಗ ಕಿವಿ ತೆರೆದಿದ್ದರೆ ಸಾಕು, ಅಲ್ವಾ? ಇದೇ ಗಿಡಾರಾ ಖರ್ಚಿನ ನೂರರಲ್ಲಿ 95 ಭಾಗಕ್ಕೆ ಪೈಸೆ ಪೈಸೆ ಲೆಕ್ಕ ಇಡುತ್ತಿದ್ದರು ಅನ್ನುವುದನ್ನು ಜನ ಮರೆಯುತ್ತಾರೆ.

ಇನ್ನು ಶಿಫ್ಟ್ ಪಟ್ಟಿ. ಮುಂದಿನ ವಾರದ್ದನ್ನು ಕನಿಷ್ಠ ನಾಲ್ಕು ದಿನ ಮೊದಲೇ ಹಾಕಿ. ರಾತ್ರಿ ಕೊನೆಗೆ ಬೀಗ ಹಾಕಿ ಹೋದವರನ್ನು ಮರುದಿನ ಬೆಳಗಿನ ಪಾಳಿಗೆ ಹಾಕಬೇಡಿ, ಅವರು ಪರವಾಗಿಲ್ಲ ಅಂದರೂ.