ಬಜಿಯೋ ಕಾಕಟೀಲೋ: ಗಿಳಿ ತರುವ ಮುನ್ನ ಮನೆಯನ್ನು ಅಳೆಯಿರಿ

ಗಿಳಿ ಸಾಕುವ ಮಾತು ಎದ್ದಾಗ ಮನೆಯವರೆಲ್ಲ ಮೊದಲು ಚರ್ಚಿಸುವುದು ಬಣ್ಣವನ್ನು. ಒಬ್ಬರಿಗೆ ನೀಲಿ ಬೇಕು, ಇನ್ನೊಬ್ಬರಿಗೆ ಜುಟ್ಟಿನದು ಬೇಕು. ಆ ಚರ್ಚೆ ಕೊನೆಗಿರಲಿ. ಹಕ್ಕಿಯ ಯೋಗ್ಯತೆಗಿಂತ ಮೊದಲು ನೋಡಬೇಕಾದದ್ದು ಮನೆಯ ಯೋಗ್ಯತೆ.

ಹೊಸಬರ ಕುಟುಂಬಕ್ಕೆ ಒಗ್ಗುವ ಗಿಳಿಗಳಲ್ಲಿ ಬಜಿ ಮತ್ತು ಕಾಕಟೀಲ್ ಮುಖ್ಯವಾದವು. ಬಜಿಯ ಪೂರ್ಣ ಹೆಸರು ಬಡ್ಜೆರಿಗಾರ್. ಅನೇಕರು ಲವ್ ಬರ್ಡ್ಸ್ ಎಂದು ಕರೆಯುವುದು ಇದನ್ನೇ, ನಿಜವಾದ ಲವ್ ಬರ್ಡ್ ಆಫ್ರಿಕಾದ ಬೇರೆಯೇ ಗಿಳಿ. ಬಜಿ ಮತ್ತು ಕಾಕಟೀಲ್ ಎರಡೂ ಆಸ್ಟ್ರೇಲಿಯಾದ ಒಣ ಬಯಲಿನವು, ಹಿಂಡಿನಲ್ಲಿ ಬಾಳುವಂಥವು. ಸಾಕಣೆಯಲ್ಲಿ ಸಲೀಸಾಗಿ ಮರಿ ಮಾಡುವುದರಿಂದ ಇವನ್ನು ಕಾಡಿನಿಂದ ಹಿಡಿದು ತರಬೇಕಾಗಿಲ್ಲ. ಚೆನ್ನಾಗಿ ಮಾತನಾಡುತ್ತದೆ ಎಂದು ಆಫ್ರಿಕದ ಬೂದು ಗಿಳಿಯತ್ತ ಮನಸ್ಸು ಹರಿದರೆ ತಡೆದುಕೊಳ್ಳಿ. ಅದು ದಶಕಗಟ್ಟಲೆ ಬದುಕುವ, ಬೇಸರವಾದರೆ ತನ್ನ ಗರಿಯನ್ನೇ ಕಿತ್ತುಕೊಳ್ಳುವ ಹಕ್ಕಿ. ಕಾಡಿನಲ್ಲಿ ಅದರ ಸಂಖ್ಯೆ ಕುಸಿದದ್ದರಿಂದ 2017ರಿಂದ ಕಾಡಿನ ಹಕ್ಕಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವೂ ಇದೆ.

ಮೊದಲ ಹೆಜ್ಜೆ: ಹಗಲು ಮನೆಯಲ್ಲಿ ಯಾರಿರುತ್ತಾರೆ?

ಆಯ್ಕೆಯ ಮುಕ್ಕಾಲು ಪಾಲು ಈ ಪ್ರಶ್ನೆಯಲ್ಲೇ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾಕಟೀಲ್ ಮನುಷ್ಯರಿಗೆ ಅಂಟಿಕೊಳ್ಳುತ್ತದೆ. ಹೆಗಲೇರಿ ಕೂರುತ್ತದೆ, ತಲೆ ಬಗ್ಗಿಸಿ ಕುತ್ತಿಗೆ ಕೆರೆಸಿಕೊಳ್ಳುತ್ತದೆ, ನೀವು ಕೋಣೆ ಬಿಟ್ಟು ಹೋದರೆ ಕೂಗಿ ಕರೆಯುತ್ತದೆ. ಇಂಥ ಹಕ್ಕಿಯನ್ನು ಒಂಟಿಯಾಗಿ ಬಿಟ್ಟು ಎಲ್ಲರೂ ಬೆಳಿಗ್ಗೆ ಹೊರಟು ಸಂಜೆ ಬರುವುದು ಅದಕ್ಕೆ ಶಿಕ್ಷೆ. ಬಜಿಯೂ ಒಂಟಿತನ ಸಹಿಸುವುದಿಲ್ಲ. ಆದರೆ ಜೊತೆಗೆ ಇನ್ನೊಂದು ಬಜಿ ಇದ್ದರೆ ದಿನವಿಡೀ ತಮ್ಮ ಪಾಡಿಗೆ ಹರಟಿಕೊಂಡಿರುತ್ತವೆ. ಹಾಗೆ ಜೋಡಿಯಾಗಿ ಬೆಳೆದವು ಮನುಷ್ಯರ ಕೈಗೆ ಬರುವುದು ನಿಧಾನ, ಮಾತು ಕಲಿಯುವುದೂ ಕಡಿಮೆ. ನೋಡಿ ಸಂತೋಷಪಡುವವರಿಗೆ ಬಜಿ ಜೋಡಿ, ಹಕ್ಕಿಯೊಡನೆ ಗಂಟೆಗಟ್ಟಲೆ ಒಡನಾಡುವವರಿಗೆ ಕಾಕಟೀಲ್.

ವಯಸ್ಸಿನ ಲೆಕ್ಕವನ್ನೂ ಇಲ್ಲೇ ಹಾಕಿಬಿಡಿ. ಬಜಿ ಸಾಮಾನ್ಯವಾಗಿ 5ರಿಂದ 10 ವರ್ಷ ಬದುಕುತ್ತದೆ, ಚೆನ್ನಾಗಿ ನೋಡಿಕೊಂಡ ಕಾಕಟೀಲ್ 15ರಿಂದ 20 ವರ್ಷ. ಪ್ರಾಥಮಿಕ ಶಾಲೆಯ ಮಗುವಿನ ಹಟಕ್ಕೆ ಕಾಕಟೀಲ್ ತಂದರೆ, ಆ ಮಗು ಓದು ಮುಗಿಸಿ ಬೇರೆ ಊರಿಗೆ ಹೋದ ಮೇಲೂ ಕಾಳು ಹಾಕುವವರು ಅಪ್ಪ ಅಮ್ಮನೇ. ಅವರಿಬ್ಬರಿಗೂ ಹಕ್ಕಿ ಇಷ್ಟವಿಲ್ಲದಿದ್ದರೆ ಯೋಜನೆಯನ್ನು ಇಲ್ಲಿಗೇ ಕೈಬಿಡಿ.

ಎರಡನೆಯ ಹೆಜ್ಜೆ: ಸದ್ದು ಮತ್ತು ಧೂಳು

ಯಾರದಾದರೂ ಮನೆಯಲ್ಲಿ ಈ ಹಕ್ಕಿಗಳಿದ್ದರೆ ಒಂದು ಇಡೀ ಮುಂಜಾವು ಅಲ್ಲಿ ಕುಳಿತು ಬನ್ನಿ. ಬಜಿಯದು ಸಣ್ಣ ದನಿ, ಆದರೆ ನಿಲ್ಲದ ಚಿಲಿಪಿಲಿ. ಕಾಕಟೀಲ್ ಹೆಚ್ಚು ಹೊತ್ತು ಸುಮ್ಮನಿರುತ್ತದೆ, ಕೂಗಿದಾಗ ಮಾತ್ರ ಪಕ್ಕದ ಕೋಣೆಗೂ ಕೇಳುವಷ್ಟು ಚೂಪಾಗಿ ಕೂಗುತ್ತದೆ. ಗಂಡು ಕಾಕಟೀಲ್ ಸಿಳ್ಳೆಯಲ್ಲಿ ನಿಪುಣ. ಒಂದೇ ರಾಗದ ಅರ್ಧ ಸಾಲನ್ನು ನೂರು ಸಲ ಕೇಳುವ ತಾಳ್ಮೆ ನಿಮಗಿರಬೇಕು. ಮಾತಿನಲ್ಲಿ ಗಂಡು ಬಜಿಯೇ ಮುಂದು. 1994ರಲ್ಲಿ ಸತ್ತ ಪಕ್ ಎಂಬ ಬಜಿಯ ಹೆಸರಿನಲ್ಲಿ 1,728 ಪದಗಳ ಗಿನ್ನೆಸ್ ದಾಖಲೆಯಿದೆ. ಅದನ್ನು ನಂಬಿ ನಿಮ್ಮ ಹಕ್ಕಿಯಿಂದ ಭಾಷಣ ನಿರೀಕ್ಷಿಸಬೇಡಿ. ಬಜಿಯ ಮಾತು ಗಡಿಬಿಡಿಯ ಪಿಸುಗುಟ್ಟುವಿಕೆ, ಮನೆಯವರಿಗಷ್ಟೇ ಅರ್ಥವಾಗುವಂಥದು. ಎಷ್ಟೋ ಹಕ್ಕಿಗಳು ಒಂದು ಪದವನ್ನೂ ಕಲಿಯುವುದಿಲ್ಲ.

ಧೂಳಿನ ವಿಷಯವನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ. ಕಾಕಟೀಲ್ ಕಾಕಟೂ ಕುಟುಂಬಕ್ಕೆ ಸೇರಿದ್ದು. ಅದರ ಗರಿಗಳಿಂದ ಬಿಳಿಯ ನುಣುಪು ಪುಡಿ ಸದಾ ಉದುರುತ್ತದೆ. ಪಂಜರದ ಸುತ್ತಲಿನ ಮೇಜು, ಪರದೆ, ಟಿವಿಯ ಮೇಲೆಲ್ಲ ಅದು ಕೂರುತ್ತದೆ. ಮನೆಯಲ್ಲಿ ಉಬ್ಬಸ ಅಥವಾ ಅಲರ್ಜಿ ಇರುವವರಿದ್ದರೆ ಕಾಕಟೀಲ್ ಬೇಡವೇ ಬೇಡ. ಬಜಿಯಿಂದ ಧೂಳು ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ಬಜಿ ತರುವುದಾದರೂ ಮೊದಲು ವೈದ್ಯರನ್ನು ಕೇಳಿ.

ಮೂರನೆಯ ಹೆಜ್ಜೆ: ಮನೆಯ ಅಪಾಯಗಳನ್ನು ತೆಗೆಯಿರಿ

ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆ ಮನುಷ್ಯರ ಮೂಗಿಗೆ ಗೊತ್ತಾಗುವ ಮೊದಲೇ ಗಿಳಿಯನ್ನು ಕೊಲ್ಲಬಲ್ಲದು. ಪಂಜರ ಅಡುಗೆಮನೆಯಲ್ಲಿ ಬೇಡ, ಅದರ ಹತ್ತಿರವೂ ಬೇಡ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ ಗಿಳಿಗೆ ವಿಷ. ಹಕ್ಕಿಯನ್ನು ಹೊರಗೆ ಬಿಡುವ ಮುನ್ನ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಬೆಕ್ಕು ಇರುವ ಮನೆಗೆ ನಾನು ಎರಡನ್ನೂ ಶಿಫಾರಸು ಮಾಡುವುದಿಲ್ಲ.

ಪಂಜರ ಎತ್ತರಕ್ಕಿಂತ ಅಗಲವಾಗಿರಲಿ, ಈ ಹಕ್ಕಿಗಳು ಅಡ್ಡಲಾಗಿ ಹಾರುತ್ತವೆ. ಬಜಿಗೆ ಸರಳುಗಳ ನಡುವಿನ ಅಂತರ ಒಂದು ಸೆಂಟಿಮೀಟರ್ ಆಸುಪಾಸಿನಲ್ಲಿರಬೇಕು. ಕಾಕಟೀಲಿಗೆ ತುಸು ಹೆಚ್ಚಾದರೂ ನಡೆಯುತ್ತದೆ, ಆದರೆ ಅದರ ಬಾಲ ಉದ್ದ, ಇಡೀ ಹಕ್ಕಿ ಸುಮಾರು 30 ಸೆಂಟಿಮೀಟರ್ ಇರುವುದರಿಂದ ಪಂಜರ ದೊಡ್ಡದೇ ಬೇಕು. ಕೂರಲು ಒಂದೇ ದಪ್ಪದ ನಯವಾದ ಕೋಲುಗಳಿಗಿಂತ ಬೇರೆ ಬೇರೆ ದಪ್ಪದ ಮರದ ಕೊಂಬೆಗಳು ಪಾದಕ್ಕೆ ಒಳ್ಳೆಯದು. ಕಾಕಟೀಲ್ ಕತ್ತಲಲ್ಲಿ ಬೆಚ್ಚಿಬಿದ್ದು ಪಂಜರದ ತುಂಬ ರೆಕ್ಕೆ ಬಡಿದು ಗಾಯ ಮಾಡಿಕೊಳ್ಳುವುದುಂಟು. ರಾತ್ರಿ ಒಂದು ಮಂದ ದೀಪ ಉರಿಯುತ್ತಿರಲಿ.

ನಾಲ್ಕನೆಯ ಹೆಜ್ಜೆ: ಹಕ್ಕಿಯನ್ನು ದೂರದಿಂದ ನೋಡಿ

ಮಾರುವವರ ಬಳಿ ಹೋದಾಗ ಪಂಜರಕ್ಕೆ ಮುಖ ಹಚ್ಚಬೇಡಿ. ಕಾಡಿನಲ್ಲಿ ಕಾಯಿಲೆ ತೋರಿಸಿಕೊಂಡ ಹಕ್ಕಿ ಬೇಟೆಗೆ ಸಿಗುತ್ತದೆ, ಆದ್ದರಿಂದ ಗಿಳಿಗಳು ಎದುರಿಗೆ ಯಾರಾದರೂ ಬಂದರೆ ಚುರುಕಿನ ಸೋಗು ಹಾಕುತ್ತವೆ. ಹತ್ತು ನಿಮಿಷ ದೂರ ನಿಂತರೆ ಬಣ್ಣ ಬಯಲಾಗುತ್ತದೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತದ್ದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿಸುವುದು, ಗುದದ ಸುತ್ತ ಹಿಕ್ಕೆ ಅಂಟಿಕೊಂಡದ್ದು ಬೇಡ. ಬಜಿಯ ಕೊಕ್ಕಿನ ಬುಡದಲ್ಲಿ ಬೂದುಬಣ್ಣದ ರಂಧ್ರಮಯ ಹಕ್ಕಳೆ ಕಂಡರೆ ಅದು ನುಸಿಯ ಕಾಟ.

ಎಳೆಯ ಬಜಿಯ ಹಣೆಯ ಮೇಲೆ ಕೊಕ್ಕಿನವರೆಗೂ ಪಟ್ಟೆಗಳಿರುತ್ತವೆ, ಮೂರು ನಾಲ್ಕು ತಿಂಗಳಿಗೆ ಮೊದಲ ಗರಿ ಉದುರಿದಾಗ ಹಣೆ ತೆರವಾಗುತ್ತದೆ. ಪಟ್ಟೆ ಇರುವಾಗಲೇ ತಂದರೆ ಪಳಗಿಸುವುದು ಸುಲಭ. ಬೆಳೆದ ಗಂಡಿಗೆ ಮೂಗಿನ ಭಾಗ ಸಾಮಾನ್ಯವಾಗಿ ನೀಲಿ, ಹೆಣ್ಣಿಗೆ ಕಂದು. ಕೆಲವು ಬಣ್ಣದ ತಳಿಗಳಲ್ಲಿ ಈ ಗುರುತು ನಡೆಯುವುದಿಲ್ಲ. ಕೈತುತ್ತು ತಿಂದು ಬೆಳೆದ ಕಾಕಟೀಲ್ ಮರಿಯನ್ನಾದರೆ ತಾನಾಗಿ ತಿನ್ನಲು ಕಲಿತ ಮೇಲಷ್ಟೇ ಮನೆಗೆ ತನ್ನಿ. ಉಣಿಸುವುದನ್ನು ನೀವೇ ಕಲಿಯಿರಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಹೊರಟುಬಿಡಿ. ಅನುಭವವಿಲ್ಲದವರ ಕೈಯಲ್ಲಿ ತುತ್ತು ಶ್ವಾಸನಾಳಕ್ಕೆ ಇಳಿದು ಮರಿಗಳು ಸಾಯುತ್ತವೆ.

ಐದನೆಯ ಹೆಜ್ಜೆ: ಮೊದಲ ವಾರಗಳು

ಬರೀ ಕಾಳಿನ ಮೇಲೆ ಬೆಳೆದ ಗಿಳಿಗೆ ಕೊಬ್ಬು ಏರುತ್ತದೆ, ಎ ಜೀವಸತ್ವ ಸಾಲದಾಗುತ್ತದೆ. ಪೆಲೆಟ್ (ಹಕ್ಕಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ), ಸೊಪ್ಪು, ತುರಿದ ಗಜ್ಜರಿಗೆ ನಿಧಾನವಾಗಿ ಒಗ್ಗಿಸಿ. ಹಳೆಯ ಆಹಾರವನ್ನು ಒಮ್ಮೆಲೇ ನಿಲ್ಲಿಸಿದರೆ ಹಕ್ಕಿ ಹಸಿದು ಸಾಯಬಹುದೇ ಹೊರತು ಗುರುತಿಸದ್ದನ್ನು ಮುಟ್ಟಲಿಕ್ಕಿಲ್ಲ. ಮನೆಯಲ್ಲಿ ಮೊದಲೇ ಹಕ್ಕಿಗಳಿದ್ದರೆ ಹೊಸದನ್ನು ಕನಿಷ್ಠ ಒಂದು ತಿಂಗಳು ಬೇರೆ ಕೋಣೆಯಲ್ಲಿಡಿ. ಗಿಳಿಯಿಂದ ಮನುಷ್ಯರಿಗೂ ಹರಡುವ ಸಿಟಕೋಸಿಸ್ ಎಂಬ ಸೋಂಕಿದೆ, ಪಂಜರ ತೊಳೆದ ಮೇಲೆ ಕೈ ತೊಳೆಯಿರಿ.

ವಾರಕ್ಕೊಮ್ಮೆ ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ಹಕ್ಕಿಯನ್ನು ತೂಗಿ ಬರೆದಿಡಿ. ಬಜಿ ಸುಮಾರು 30ರಿಂದ 40 ಗ್ರಾಂ, ಕಾಕಟೀಲ್ 80ರಿಂದ 120 ಗ್ರಾಂ. ಹತ್ತರಲ್ಲೊಂದು ಪಾಲು ತೂಕ ಇಳಿದರೆ, ಅದು ಎಷ್ಟೇ ಲವಲವಿಕೆಯಿಂದ ಕಂಡರೂ ಅದೇ ದಿನ ಪಶುವೈದ್ಯರಿಗೆ ತೋರಿಸಿ.